ನಾಳೆಗೆ ನಿಲ್ಲಿಸಿದ ಕಥೆ

ಕಥೆಯನ್ನು ಕೇಳಬೇಕೆಂಬ ಆಶೆಯು ಮನುಷ್ಯನಲ್ಲಿ ಅನ್ನದ ಆಶೆಯಷ್ಟೇ ಹಳೆಯದು. ಅನ್ನವನ್ನಾದರೂ ಹೊಟ್ಟೆ ತುಂಬ ಉಂಡರೆ ಆ ಹೊತ್ತಿಗೆ ತೃಪ್ತಿಯಾಗುವದು, ಕಥೆಯು ಹಾಗಲ್ಲ. ಅರ್ಧಕ್ಕೆ ನಿಲ್ಲಿಸಿ 'ಉಳಿದದ್ದು ನಾಳೆ' ಎಂದು ಹೇಳಿದ ಕಥೆಯೇ ಕೇಳುವವನ ಮನಸ್ಸಿನಲ್ಲಿ ಹೆಚ್ಚು ಕಾಲ ನಿಲ್ಲುವದು. ಈ ರಹಸ್ಯವನ್ನು ಪೂರ್ವದಲ್ಲಿ ಬಲ್ಲವರು ಪುರಾಣಿಕರು. ಈಗ ಬಲ್ಲವರು ದೂರದರ್ಶನದ ಧಾರಾವಾಹಿಗಳನ್ನು ಬರೆಯುವವರು. ಇವರಿಬ್ಬರ ಕಸಬು ಒಂದೇ ಎಂಬದನ್ನು ಒಪ್ಪಲು ಎರಡೂ ಕಡೆಯವರು ಹಿಂಜರಿದಾರು. ಆದರೆ ಅಫಜಲಪುರ ತಾಲ್ಲೂಕಿನ ಗೊಬ್ಬೂರದಲ್ಲಿ, ಕೆಲವು ವರ್ಷಗಳ ಹಿಂದಿನ ಒಂದು ಶ್ರಾವಣದಲ್ಲಿ, ಈ ಎರಡು ಕಸಬುಗಳು ಎದುರುಬದುರಾಗಿ ಕುಳಿತದ್ದುಂಟು. ಆ ಸಂಗತಿಯಿಂದಲೇ ಈ ವಿಚಾರವನ್ನು ಆರಂಭಿಸುವದು ಯುಕ್ತ.

ಶ್ರಾವಣವೆಂದರೆ ಈ ಸೀಮೆಯಲ್ಲಿ ಮುಂಗಾರಿ ಬಿತ್ತಿಗೆ ಮುಗಿದು, ತೊಗರಿಯ ಸಾಲುಗಳಲ್ಲಿ ಎಡೆ ಹೊಡೆಯುವ ಕಾಲ. ಹಗಲೆಲ್ಲ ಹೊಲದಲ್ಲಿ ದುಡಿದ ಜನರು ರಾತ್ರಿ ಕೈಕಾಲು ತೊಳೆದುಕೊಂಡು ಗುಡಿಯ ಅಂಗಳದಲ್ಲಿ ಪುರಾಣ ಕೇಳಲು ಕೂಡುವರು. ಗವಾಯಿಗಳು ಹಾರ್ಮೋನಿಯಂ ಹಿಡಿದು ಪದ್ಯವನ್ನು ಹಾಡುವರು, ತಬಲಾದವರು ಸಾಥ ಕೊಡುವರು, ಶಾಸ್ತ್ರಿಗಳು ಅರ್ಥವನ್ನು ವಿಸ್ತರಿಸುವರು. ಬಹುತರವಾಗಿ ಹೇಳಿಸುವ ಪುರಾಣಗಳಲ್ಲಿ ಕಲಬುರಗಿಯ ಶರಣಬಸವೇಶ್ವರರದೊಂದು. 1746ರಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ, 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದ ಆ ದಾಸೋಹಿಯ ಚರಿತ್ರೆಯು ಅಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತು. ಗೊತ್ತಿದ್ದರೂ ಜನ್ಮಪ್ರಸಂಗ ಬಂದ ದಿನ ತೊಟ್ಟಿಲು ಕಟ್ಟುವರು, ಮುತ್ತೈದೆಯರು ಜೋಗುಳ ಹಾಡುವರು, ಗುಗ್ಗರಿ ಹಂಚುವರು. ಹೋದ ವರ್ಷ ಹುಟ್ಟಿದ ಕೂಸು ಈ ವರ್ಷ ಮತ್ತೆ ಹುಟ್ಟುವದು. ಸಂತೋಷವು ಮಾತ್ರ ಹೊಸದು.

ಆ ವರ್ಷ ಪಂಚಮಿಯ ಹಬ್ಬಕ್ಕೆಂದು ಊರಿಗೆ ಬಂದವರಲ್ಲಿ ಒಬ್ಬ ತರುಣನಿದ್ದನು. ಅವನು ಬೆಂಗಳೂರಿನಲ್ಲಿ ದಿನನಿತ್ಯದ ಒಂದು ಧಾರಾವಾಹಿಗೆ ಚಿತ್ರಕಥೆ, ಸಂಭಾಷಣೆಗಳನ್ನು ಬರೆಯುತ್ತಿದ್ದನು. ಅವನ ಆಯಿಗೆ ಎಪ್ಪತ್ತು ದಾಟಿದ ವಯಸ್ಸು. ಆಕೆ ಸಂಜೆ ಏಳೂವರೆಗೆ ಪಡಸಾಲೆಯಲ್ಲಿ ಕುಳಿತು ಮೊಮ್ಮಗನ ಧಾರಾವಾಹಿಯನ್ನು ನೋಡುವಳು. ಅದು ಮುಗಿದೊಡನೆ ಸೆರಗು ಹೊದ್ದು ಗುಡಿಗೆ ನಡೆಯುವಳು. ಎರಡರಲ್ಲಿ ಒಂದನ್ನೂ ಆಕೆ ತಪ್ಪಿಸಿದವಳಲ್ಲ. ಆ ದಿನ ಕಂತು ಮುಗಿದಾಗ ಆಕೆ ಮೊಮ್ಮಗನತ್ತ ತಿರುಗಿ, "ಯಪ್ಪಾ ತಮ್ಮಾ, ಆ ಹೆಣಮಗಳಿಗಿ ಇನ್ನಾ ಎಷ್ಟ ದಿನ ಅಳಸ್ತೀರೋ? ನನಗ ಅಕಿನ ನೋಡಿ ಅಳು ಬರೂದು ನಿಂತು ತಿಂಗಳಾಯ್ತು" ಎಂದಳು. ತರುಣನು ನಕ್ಕು ಸುಮ್ಮನಾದನು. ಆದರೆ ಆ ಮಾತು ಅವನಿಗೆ ನಾಟಿತು; ಏಕೆಂದರೆ ಅದೇ ಪ್ರಶ್ನೆಯನ್ನು ಅವನು ತನ್ನನ್ನು ತಾನೇ ಕೇಳಿಕೊಳ್ಳುತ್ತ ಊರಿಗೆ ಬಂದಿದ್ದನು.

ಅವನ ಸಂಕಟವನ್ನು ತಿಳಿಯಬೇಕಾದರೆ ಈ ಕಸಬಿನ ಹಿನ್ನೆಲೆಯನ್ನು ಕೊಂಚ ನೋಡತಕ್ಕದ್ದು. ಕನ್ನಡನಾಡಿನಲ್ಲಿ ದೂರದರ್ಶನವು ಮೊದಲು ಬಂದದ್ದು ರಾಜಧಾನಿಗಲ್ಲ, ಈ ಹಿಂದುಳಿದ ಸೀಮೆಗೇ ಎಂಬದನ್ನು ಇಲ್ಲಿಯ ಮಕ್ಕಳೇ ಅರಿಯರು. 1975ರ ಆಗಸ್ಟ್ ತಿಂಗಳಿನಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಸೇರಿದ್ದವು. ಕರ್ನಾಟಕದಿಂದ ಆರಿಸಿದ ಹಳ್ಳಿಗಳು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳವು. ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಊರಿಗೆ ಊರೇ ಕುಳಿತು ನೋಡುವದು. 1977ರಲ್ಲಿ ಗುಲಬರ್ಗಾದಲ್ಲಿ ಪ್ರಸಾರ ಕೇಂದ್ರವಾಯಿತು. ಬೆಂಗಳೂರಿಗೆ ಆ ಭಾಗ್ಯ ಬಂದದ್ದು 1981ರಲ್ಲಿ. ಮುಂದೆ 1984ರಲ್ಲಿ ಮನೋಹರ ಶ್ಯಾಮ ಜೋಶಿಯವರು ಬರೆದ 'ಹಮ್ ಲೋಗ್' ಹಿಂದಿಯಲ್ಲಿ ಬಂದು ಧಾರಾವಾಹಿಯ ರುಚಿಯನ್ನು ದೇಶಕ್ಕೆ ಹತ್ತಿಸಿತು. ಮೆಕ್ಸಿಕೋ ದೇಶದಲ್ಲಿ ಲೋಕಶಿಕ್ಷಣಕ್ಕಾಗಿ ಕಥೆಯನ್ನು ಕಂತುಗಳಲ್ಲಿ ಹೇಳಿದ ಪದ್ಧತಿಯೇ ಅದಕ್ಕೆ ಮಾದರಿ. 1987ರ ಜನವರಿಯಲ್ಲಿ ರಮಾನಂದ ಸಾಗರರ 'ರಾಮಾಯಣ'ವೂ, 1988ರ ಅಕ್ಟೋಬರಿನಲ್ಲಿ ಬಿ. ಆರ್. ಚೋಪ್ರಾ ಅವರ 'ಮಹಾಭಾರತ'ವೂ ಆರಂಭವಾದವು. ಆ ಕಾಲದ ಆಸುಪಾಸಿನಲ್ಲಿಯೇ ಕನ್ನಡಿಗ ಶಂಕರನಾಗರು ಆರ್. ಕೆ. ನಾರಾಯಣರ ಕಥೆಗಳನ್ನು ಆಗುಂಬೆಯಲ್ಲಿ ಚಿತ್ರೀಕರಿಸಿ 'ಮಾಲ್ಗುಡಿ ಡೇಸ್' ಎಂಬ ಹೆಸರಿನಿಂದ ತಂದ ಮಾಲಿಕೆಯು, ಅಲ್ಪದರಲ್ಲಿ ಬಹಳ ಹೇಳುವ ಮಾರ್ಗವನ್ನು ತೋರಿಸಿತು. 1998ರಲ್ಲಿ ಟಿ. ಎನ್. ಸೀತಾರಾಮರು ಸಂಗಡಿಗರೊಡನೆ ನಿರ್ದೇಶಿಸಿದ 'ಮಾಯಾಮೃಗ'ವು, ಸಾಮಾನ್ಯ ಮನೆಗಳ ಸಾಮಾನ್ಯ ಜನರ ನಡೆನುಡಿಗಳಿಂದಲೇ ಕನ್ನಡ ಪ್ರೇಕ್ಷಕರನ್ನು ದಿನದಿನವೂ ಕಾಯಿಸಬಹುದೆಂದು ಸಿದ್ಧ ಮಾಡಿತು.

ಆಮೇಲೆ ವಾಹಿನಿಗಳು ಹೆಚ್ಚಿದವು. ವಾರಕ್ಕೊಮ್ಮೆ ಬರುತ್ತಿದ್ದ ಕಥೆಯು ವಾರಕ್ಕೆ ಐದಾರು ದಿನ ಬರತೊಡಗಿತು. ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತುಗಳನ್ನು ಕಳೆದರೆ ಉಳಿಯುವದು ಇಪ್ಪತ್ತು ನಿಮಿಷಗಳ ಆಸುಪಾಸು. ಆದರೂ ವಾರಕ್ಕೆ ಐದು ಕಂತುಗಳೆಂದರೆ ವರ್ಷಕ್ಕೆ 260 ಕಂತುಗಳಾದವು. ಇಪ್ಪತ್ತು ನಿಮಿಷದಂತೆ ಎಣಿಸಿದರೆ ಎಂಬತ್ತಾರು ಗಂಟೆಗಳಿಗೂ ಮಿಕ್ಕಿದ ಕಥೆ. ಎರಡೂವರೆ ಗಂಟೆಯ ಮೂವತ್ತನಾಲ್ಕು ಸಿನೇಮಾಗಳಷ್ಟು! ಇಷ್ಟನ್ನು ಬರೆಯುವವರು ಎರಡು ಮೂರು ಜನ. ಒಬ್ಬನು ಕಥೆಯ ಎಳೆಯನ್ನು ಹಿಡಿಯುವನು, ಒಬ್ಬನು ದೃಶ್ಯಗಳನ್ನು ವಿಂಗಡಿಸುವನು, ಒಬ್ಬನು ಮಾತು ಬರೆಯುವನು. ಎಷ್ಟೋ ಸಲ ಈ ಮೂರೂ ಕೆಲಸಗಳು ಒಬ್ಬನ ತಲೆಯ ಮೇಲೆಯೇ ಬರುವವು. ಪಾತ್ರಧಾರಿಗಳು ಬಣ್ಣ ಹಚ್ಚಿಕೊಂಡು ಕುಳಿತಿರುವಾಗ ಮಧ್ಯಾಹ್ನದ ದೃಶ್ಯದ ಹಾಳೆಯು ಇನ್ನೂ ಬರೆಯುವವನ ಕೈಯಲ್ಲಿಯೇ ಇರುವದೂ ಉಂಟು. ನಡುವೆ ಒಬ್ಬ ನಟಿಯು ಬಿಟ್ಟು ಹೋದರೆ, ಆ ಪಾತ್ರವನ್ನು ಪರದೇಶಕ್ಕೆ ಕಳಿಸಬೇಕು ಅಥವಾ ಪರಲೋಕಕ್ಕೆ ಕಳಿಸಬೇಕು.

ಇದೆಲ್ಲಕ್ಕಿಂತ ದೊಡ್ಡದು ಅಂಕದ ಭಯ. ದೇಶದೊಳಗೆ ಆಯ್ದ ಹತ್ತಾರು ಸಾವಿರ ಮನೆಗಳಲ್ಲಿ ಮಾಪಕಯಂತ್ರಗಳನ್ನಿಟ್ಟು, ಯಾರು ಯಾವದನ್ನು ಎಷ್ಟು ಹೊತ್ತು ನೋಡಿದರೆಂದು ಲೆಕ್ಕ ಹಾಕುವರು. ಆ ಲೆಕ್ಕವು ಗುರುವಾರದ ದಿನ ಹೊರಬೀಳುವದು. ಜನರ ಬಾಯಲ್ಲಿ ಅದು ಟಿ.ಆರ್.ಪಿ. ಜಾಹೀರಾತಿನ ಬೆಲೆಯು ಅದರ ಮೇಲೆ, ವಾಹಿನಿಯ ಬಾಳುವೆಯು ಜಾಹೀರಾತಿನ ಮೇಲೆ, ಧಾರಾವಾಹಿಯ ಆಯುಷ್ಯವು ವಾಹಿನಿಯ ಮೇಲೆ ನಿಂತಿರುವದು. ಆದಕಾರಣ ಬರೆಯುವವನಿಗೆ ವಾರವೆಂಬದು ಸೋಮವಾರಕ್ಕೆ ಆರಂಭವಾಗುವದಿಲ್ಲ, ಗುರುವಾರಕ್ಕೆ ಆರಂಭವಾಗುವದು. ಗೊಬ್ಬೂರದ ತರುಣನಿಗೆ ಆದದ್ದೂ ಇದೇ. ಇನ್ನೂರು ಕಂತುಗಳಲ್ಲಿ ಮುಗಿಯಬೇಕೆಂದು ಅವನು ಯೋಜಿಸಿದ್ದ ಕಥೆಯಲ್ಲಿ, ಗಂಡನನ್ನು ಕಳೆದುಕೊಂಡ ಒಬ್ಬ ಸೊಸೆಯು ಕ್ರಮೇಣ ತನ್ನ ಕಾಲ ಮೇಲೆ ತಾನು ನಿಲ್ಲುವಳು. ಆಕೆ ಬಹಳವಾಗಿ ಅತ್ತ ವಾರ ಅಂಕವು ಏರಿತು. ದುಡಿಯಲು ಹೊರಟ ವಾರ ಇಳಿಯಿತು. ಇಷ್ಟರ ಮೇಲಿಂದ, ಆಕೆ ಮತ್ತೆ ಅಳಬೇಕೆಂದೂ, ಸತ್ತ ಗಂಡನು ನೆನಪು ತಪ್ಪಿ ಬದುಕಿರಬೇಕೆಂದೂ, ಕಥೆಯು ಐನೂರು ಕಂತುಗಳವರೆಗೆ ನಡೆಯಬೇಕೆಂದೂ ಮೇಲಿನಿಂದ ಸೂಚನೆ ಬಂದಿತು. ಬರೆಯದಿದ್ದರೆ ಬರೆಯುವವರು ಬೇಕಾದಷ್ಟು ಜನರಿದ್ದರು. ಅವನ ಸಂಬಳದ ಮೇಲೆಯೇ ತಂಗಿಯ ಓದು ನಡೆದಿತ್ತು.

ಇಂಥ ಒತ್ತಡವು ಕನ್ನಡದ ಬರಹಗಾರನಿಗೆ ಮಾತ್ರ ಎಂದು ತಿಳಿಯಲಾಗದು. ಅಮೇರಿಕೆಯಲ್ಲಿ 11,000ಕ್ಕೂ ಮಿಕ್ಕಿದ ಚಿತ್ರ-ದೂರದರ್ಶನ ಲೇಖಕರು 2023ರ ಮೇ 2ರಿಂದ 148 ದಿವಸ ಲೇಖನಿಯನ್ನು ಕೆಳಗಿಟ್ಟರು. ಒಂದು ಧಾರಾವಾಹಿಗೆ ಇಂತಿಷ್ಟು ಲೇಖಕರಾದರೂ ಇರಲೇಬೇಕು, ಬರೆಯುವ ಯಂತ್ರಬುದ್ಧಿಗೆ ಕಟ್ಟುಪಾಡು ಇರಬೇಕು ಎಂಬವು ಅವರ ಬೇಡಿಕೆಗಳಲ್ಲಿದ್ದವು. ಇನ್ನೂ ಹಿಂದಕ್ಕೆ ಹೋದರೆ, ಇಂಗ್ಲೆಂಡಿನ ಡಿಕನ್ಸನು ಕಾದಂಬರಿಗಳನ್ನು ತಿಂಗಳ ಕಂತುಗಳಲ್ಲಿ ಪ್ರಕಟಿಸುತ್ತಿದ್ದಾಗ, 1843ರಲ್ಲಿ 'ಮಾರ್ಟಿನ್ ಚಜಲ್‌ವಿಟ್' ಸಾಕಷ್ಟು ಮಾರಾಟವಾಗಲಿಲ್ಲವೆಂದು ನಾಯಕನನ್ನು ನಡುವೆಯೇ ಅಮೇರಿಕೆಗೆ ಕಳಿಸಿದನು. ಇದರಿಂದ ಮಾರಾಟವು ಏರಿದ್ದು ಅಲ್ಪವೇ. ಅಂದ ಮೇಲೆ ಕೇಳುವವರ ಮರ್ಜಿಯನ್ನು ನೋಡಿ ಕಥೆಯನ್ನು ತಿರುಗಿಸುವದು ಹೊಸ ಪಾಪವಲ್ಲ. ಅದು ಯಾವಾಗಲೂ ಫಲಿಸುವ ಉಪಾಯವೂ ಅಲ್ಲ.

ಕಥೆಯು ಉದ್ದವಾಗುವದೇ ದೋಷವೆನ್ನುವದೂ ತರವಲ್ಲ. ಮಹಾಭಾರತಕ್ಕಿಂತ ಉದ್ದವಾದ ಧಾರಾವಾಹಿ ಯಾವದು? ಉಪಾಖ್ಯಾನಗಳನ್ನು ಬಿಟ್ಟರೆ ಭಾರತವು ಇಪ್ಪತ್ತುನಾಲ್ಕು ಸಾವಿರ ಶ್ಲೋಕಗಳದೆಂದು ಆದಿಪರ್ವವೇ ಹೇಳುವದು. ಉಪಾಖ್ಯಾನಗಳು ಕೂಡಿ ಅದು ಲಕ್ಷವಾಯಿತು. ವೈಶಂಪಾಯನನು ಅದನ್ನು ಹೇಳಿದ್ದು ಜನಮೇಜಯನ ಸರ್ಪಯಾಗದ ಕರ್ಮಗಳ ನಡುನಡುವಿನ ಬಿಡುವಿನಲ್ಲಿ. ಸೂತನು ಅದನ್ನೇ ಮತ್ತೆ ಹೇಳಿದ್ದು ನೈಮಿಷಾರಣ್ಯದಲ್ಲಿ ಹನ್ನೆರಡು ವರ್ಷಗಳ ಸತ್ರದಲ್ಲಿ ಕುಳಿತ ಋಷಿಗಳಿಗೆ. ಕಂತುಕಂತಾಗಿ ಹೇಳುವದಕ್ಕೇ ಹುಟ್ಟಿದ ಕಥೆಯದು. ಆದರೂ ನಳನ ಕಥೆಯಾಗಲಿ ಸಾವಿತ್ರಿಯ ಕಥೆಯಾಗಲಿ ನಡುವೆ ಬಂದಾಗ ಕೇಳುವವನು ದಾರಿ ತಪ್ಪುವದಿಲ್ಲ. ರಾಜ್ಯ ಕಳೆದುಕೊಂಡ ಧರ್ಮರಾಯನಿಗೆ ನಳನ ಕಥೆಯು ಸಲ್ಲುವದು. ಮೇಲಾಗಿ ಸೂತನು ಮೊದಲಿಗೇ ಕಥೆಯ ಸಂಗ್ರಹವನ್ನೆಲ್ಲ ಹೇಳಿಬಿಡುವನು. ಅಂತ್ಯವು ತಿಳಿದರೆ ಕುತೂಹಲ ಹೋಗುವದೆಂಬ ಈಗಿನವರ ಹೆದರಿಕೆ ಅವನಿಗೆ ಇರಲಿಲ್ಲ. ಆ ಹೆದರಿಕೆ ಪೊಳ್ಳೆಂಬದಕ್ಕೆ ಇತ್ತೀಚಿನ ಪ್ರಮಾಣವೂ ಇದೆ. 2020ರ ಮಾರ್ಚ್‌ನಲ್ಲಿ ಚಿತ್ರೀಕರಣಗಳು ನಿಂತು, ದಿನನಿತ್ಯದ ಧಾರಾವಾಹಿಗಳ ದಾಸ್ತಾನು ತೀರಿದಾಗ, ದೂರದರ್ಶನವು ಮೂವತ್ತಮೂರು ವರ್ಷದ ಹಿಂದಿನ 'ರಾಮಾಯಣ'ವನ್ನೇ ಮಾರ್ಚ್ 28ರಿಂದ ಮತ್ತೆ ಬಿತ್ತರಿಸಿತು. ರಾವಣನು ಸಾಯುವನೆಂಬದನ್ನು ಅರಿಯದವರು ಯಾರೂ ಇರಲಿಲ್ಲ. ಆದರೂ ಮನೆಮನೆಯಲ್ಲಿ ಜನರು ಕುಳಿತು ನೋಡಿದರು.

ಹಾಗಾದರೆ ದೋಷವೆಲ್ಲಿ? ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ಧ್ವನ್ಯಾಲೋಕದಲ್ಲಿ ರಸಕ್ಕೆ ವಿರೋಧಿಯಾದ ಐದು ಸಂಗತಿಗಳನ್ನು ಎಣಿಸಿರುವನು. ವಿರೋಧಿಯಾದ ರಸದ ಸಾಮಗ್ರಿಯನ್ನು ತರುವದು ಮೊದಲನೆಯದು. ಸಂಬಂಧವಿದ್ದರೂ ಬೇರೊಂದು ವಸ್ತುವನ್ನು ಅತಿಯಾಗಿ ವಿಸ್ತರಿಸುವದು ಎರಡನೆಯದು. ಹೊತ್ತಲ್ಲದ ಹೊತ್ತಿನಲ್ಲಿ ರಸವನ್ನು ಕಡಿದು ಹಾಕುವದು, ಇಲ್ಲವೆ ಹೊತ್ತಲ್ಲದ ಹೊತ್ತಿನಲ್ಲಿ ಹೊರಡಿಸುವದು ಮೂರನೆಯದು. ಪೂರ್ಣವಾಗಿ ಪೋಷಣೆ ಹೊಂದಿದ ರಸವನ್ನೇ ಮತ್ತೆ ಮತ್ತೆ ಉರಿಸುವದು ನಾಲ್ಕನೆಯದು. ಪಾತ್ರಗಳ ನಡೆವಳಿಕೆಯಲ್ಲಿ ಅನೌಚಿತ್ಯವು ಐದನೆಯದು. ಈಗಿನ ಧಾರಾವಾಹಿಗಳನ್ನು ಒಂದು ತಿಂಗಳು ನೋಡಿ ಬರೆದ ಪಟ್ಟಿಯೋ ಎಂಬಂತೆ ಇದು ತೋರುವದು! ಮದುವೆಯ ಮಂಟಪಕ್ಕೆ ಪೋಲೀಸರು ಬರುವದು, ನೆರೆಮನೆಯವರ ಜಗಳಕ್ಕೆ ಇಪ್ಪತ್ತು ಕಂತು, ಹಬ್ಬ ಬಂದಿತೆಂದು ಶೋಕದ ನಡುವೆ ಕುಣಿತ, ಕಣ್ಣೀರಿನ ಮೇಲೆ ಕಣ್ಣೀರು. ಹೊತ್ತಲ್ಲದ ಹೊತ್ತಿನಲ್ಲಿ ಕಡಿದು ಹೋಗುವದಕ್ಕೆ ಬರೆಯುವವನು ಕಾರಣನಲ್ಲದ ಉದಾಹರಣೆಯೂ ಉಂಟು. ಸೀತಾರಾಮರ 'ಮಗಳು ಜಾನಕಿ' 2018ರಲ್ಲಿ ಆರಂಭವಾಗಿ, 2020ರ ಲಾಕ್‌ಡೌನಿನಲ್ಲಿ ನಡುವೆಯೇ ನಿಂತಿತು. ನಾಲ್ಕನೆಯ ದೋಷವಂತೂ ಮಹಾಕವಿಗಳನ್ನೂ ಬಿಟ್ಟಿಲ್ಲ. ಕಾವ್ಯಪ್ರಕಾಶದ ಮಮ್ಮಟನು ಅದಕ್ಕೆ ಕೊಟ್ಟ ಉದಾಹರಣೆಯು ಕುಮಾರಸಂಭವದ ರತಿವಿಲಾಪ. ಕಾಳಿದಾಸನೇ ಅಳಿಸಿದರೂ ಅತಿಯಾದದ್ದು ಅತಿಯೇ ಎಂದು ಹೇಳುವ ಧೈರ್ಯ ಆ ವಿಮರ್ಶಕನಿಗೆ ಇತ್ತು. ಗೊಬ್ಬೂರದ ಆಯಿಯು ಮಮ್ಮಟನ ಹೆಸರನ್ನು ಕೇಳಿದವಳಲ್ಲ. ಆಕೆ ಹೇಳಿದ್ದು ಮಾತ್ರ ಅದನ್ನೇ.

ಐದನೆಯ ದೋಷದ ಬಗ್ಗೆ ಈ ಸೀಮೆಯವರು ವಿಶೇಷವಾಗಿ ಹೇಳಿಕೊಳ್ಳತಕ್ಕದ್ದುಂಟು. ಧಾರಾವಾಹಿಗಳಲ್ಲಿ ಒಡೆಯರೆಲ್ಲರೂ ಬೆಂಗಳೂರು ಮೈಸೂರುಗಳ ಮಾತನ್ನಾಡುವರು. ಕಲಬುರಗಿಯ ಮಾತು ಬಂದರೆ ಅಡಿಗೆಯವನ ಬಾಯಲ್ಲಿ, ಇಲ್ಲವೆ ನಗಿಸುವವನ ಬಾಯಲ್ಲಿ ಬರುವದು. ಈ ನಾಡಿನಲ್ಲಿ ದುಃಖಪಡುವವರೂ ಪ್ರೀತಿಸುವವರೂ ನ್ಯಾಯ ಹೇಳುವವರೂ ಇದೇ ಮಾತಿನಲ್ಲಿ ಬಾಳಿ ಹೋಗಿರುವರು. ಮೊದಲು ದೂರದರ್ಶನ ಕಂಡ ಸೀಮೆಯು ಅದರಲ್ಲಿ ತನ್ನ ದನಿಯನ್ನು ಕೇಳದೆ ಇರುವದು ವಿಷಾದದ ಸಂಗತಿ. ತರುಣನು ತನ್ನ ಸೊಸೆಯ ಪಾತ್ರವನ್ನು ಮೊದಲು ಅಫಜಲಪುರದ ಕಡೆಯವಳೆಂದೇ ಬರೆದಿದ್ದನು. 'ಆ ಭಾಷೆಯಲ್ಲಿ ಅತ್ತರೆ ಜನರು ನಗುವರು' ಎಂಬ ಉತ್ತರ ಬಂದಿತ್ತು.

ಆ ರಾತ್ರಿ ಅವನು ಆಯಿಯೊಡನೆ ಗುಡಿಗೆ ಹೋದನು. ಪುರಾಣ ಮುಗಿದು ಜನರು ಚೆದುರಿದ ಮೇಲೆ ಶಾಸ್ತ್ರಿಗಳ ಹತ್ತಿರ ಕುಳಿತು, "ಶಾಸ್ತ್ರಿಗಳ, ನಿಮಗೂ ಕಥಿ ಲಂಬಸ್ರಿ ಅಂತ ಯಾರರೆ ಹೇಳ್ತಾರೇನ್ರಿ?" ಎಂದು ಕೇಳಿದನು. ಶಾಸ್ತ್ರಿಗಳು ಎಲೆಗೆ ಸುಣ್ಣ ಹಚ್ಚುತ್ತ, "ಹೇಳ್ಲಾರದ ಏನು! ದಾಸೋಹ ಮಾಡ್ಸೋರು ಸೋಮವಾರ ಬರ್ತಾರ, ತೊಟ್ಟಿಲಾ ಅವತ್ತೇ ಆಗಬೇಕು ಅಂತಾರ. ಮಳಿ ಬಂದು ಎರಡ ದಿನ ಜನಾ ಬರಂಗಿಲ್ಲ. ಹಂಗಿದ್ದಾಗ ನಡುವ ಒಂದ ಉಪಕಥಿ ಹೇಳ್ತೀವಿ. ಖರೇ ಮಂಗಲ ಯಾವತ್ತು ಅಂಬೋದು ಮೊದಲನೇ ದಿನಾನೇ ಗೊತ್ತಿರ್ತದಪಾ. ಹೊಳಿ ದಾರಿ ಗೊತ್ತಿದ್ದ ಎತ್ತು ನಡುವ ಗಿಡದ ನೆಳ್ಳಿಗಿ ನಿಂತ್ರೂ ನೀರಿಗಿ ಮುಟ್ತದ" ಎಂದರು.

ದಶರೂಪಕದಲ್ಲಿ ಧನಂಜಯನು ಬಿಂದುವೆಂದು ಕರೆದದ್ದು ಇದನ್ನೇ. ಉಪಕಥೆಯಿಂದ ಮುಖ್ಯ ಕಥೆಯು ಮುರಿದಂತೆ ತೋರುವಾಗ ಅದನ್ನು ಮುರಿಯಗೊಡದೆ ಮುಂದಕ್ಕೆ ಒಯ್ಯುವ ಎಳೆಯು ಬಿಂದು. ನೀರಿನ ಮೇಲೆ ಬಿದ್ದ ಎಣ್ಣೆಯ ಹನಿಯಂತೆ ಅದು ಕೊನೆಯವರೆಗೆ ಹರಡುವದು. ಬೀಜವು ಮೊದಲಲ್ಲಿ, ಫಲವು ಕೊನೆಯಲ್ಲಿ; ನಡುವೆ ಸುಗ್ರೀವನ ಕಥೆಯಂಥ ಪತಾಕೆಗಳೂ ಜಟಾಯುವಿನ ಕಥೆಯಂಥ ಪ್ರಕರಿಗಳೂ ಎಷ್ಟಾದರೂ ಬರಬಹುದು. ಆದರೆ ಫಲವನ್ನೇ ನಿಶ್ಚಯಿಸದೆ ಹೊರಟವನಿಗೆ ಯಾವದು ಬಿಂದು, ಯಾವದು ಅಡ್ಡದಾರಿ ಎಂಬದು ತಿಳಿಯುವದೆಂತು? ಪುರಾಣಿಕನಿಗೂ ಒತ್ತಡವುಂಟು, ಧಾರಾವಾಹಿಯವನಿಗೂ ಉಂಟು. ಭೇದವಿಷ್ಟೇ: ಪುರಾಣಿಕನ ದಾನಿಗಳು ದಿನಗಳನ್ನು ಹಿಗ್ಗಿಸಬಲ್ಲರು, ಮಂಗಲವನ್ನು ಬದಲಿಸಲಾರರು. ಧಾರಾವಾಹಿಯ ದಾನಿಗಳು ಮಂಗಲವನ್ನೇ ಕಸಿದುಕೊಳ್ಳುವರು. ನಾಳೆಗೆ ನಿಲ್ಲಿಸಿದ ಕಥೆಯು ಕೇಳುವವನೊಡನೆ ಮಾಡಿಕೊಂಡ ಒಂದು ಕರಾರು. 'ನಿನ್ನ ಕಾಯುವಿಕೆಗೆ ಒಂದು ದಿನ ಅರ್ಥ ದೊರಕುವದು' ಎಂಬದೇ ಆ ಕರಾರಿನ ಸಾರ. ಅಂತ್ಯವಿಲ್ಲದೆ ಕಾಯಿಸಿದರೆ ಅದು ಸಾಲ ತೆಗೆದುಕೊಂಡು ತಿರುಗಿ ಕೊಡದವನ ನಡತೆಯಾಗುವದು.

ಬೆಂಗಳೂರಿಗೆ ಮರಳಿದ ತರುಣನು ಮೊದಲು ಮಾಡಿದ ಕೆಲಸವೆಂದರೆ ಕೊನೆಯ ಕಂತನ್ನು ಬರೆದದ್ದು. ಸತ್ತವನು ಸತ್ತೇ ಇರುವನು. ಸೊಸೆಯು ತಾನು ತೆರೆದ ಅಂಗಡಿಯ ಬಾಗಿಲಿಗೆ ಸಂಜೆ ಕೀಲಿ ಹಾಕಿ ಮನೆಗೆ ಬರುವಳು. ಅತ್ತೆಯು ಮಾತಾಡದೆ ಒಂದು ತಾಟನ್ನು ಅವಳ ಮುಂದಿಡುವಳು. 'ನಡುವೆ ಎಷ್ಟು ಕಂತು ಬೇಕಾದರೂ ಕೇಳಿರಿ, ಕೊನೆ ಮಾತ್ರ ಇದು' ಎಂದು ಅವನು ಹೇಳಿ ಕಳಿಸಿದನು. ವಾಹಿನಿಯವರು ಅವನನ್ನು ತೆಗೆದುಹಾಕಲಿಲ್ಲ, ಅವನ ಮಾತನ್ನು ಪೂರ್ತಿ ನಡೆಸಲೂ ಇಲ್ಲ. ಅರವತ್ತು ಕಂತುಗಳನ್ನು ಹೆಚ್ಚು ಬರೆಸಿದರು. ಕಥೆಯನ್ನು ಏಳೂವರೆಯಿಂದ ರಾತ್ರಿ ಹತ್ತು ಗಂಟೆಗೆ ಸರಿಸಿದರು. ಅಂಕವು ಇಳಿದ ಮೇಲೆ, ಅವನು ಬರೆದ ಕೊನೆಯಲ್ಲಿಯೇ ಮುಗಿಸಿದರು. ಮುಂದೆ ನಾಲ್ಕು ತಿಂಗಳು ಅವನಿಗೆ ಕೆಲಸವಿರಲಿಲ್ಲ. ತಂಗಿಯ ಆ ವರ್ಷದ ಫೀಜು ಊರಿನ ತೊಗರಿ ಮಾರಿದ ದುಡ್ಡಿನಿಂದ ಹೋಯಿತು. ಇದನ್ನು ಜಯವೆನ್ನಬೇಕೋ ಸೋಲೆನ್ನಬೇಕೋ ಎಂಬದನ್ನು ಅವನೂ ನಿರ್ಣಯಿಸಲಿಲ್ಲ.

ಆಯಿಯಾದರೋ, ಎಂಟಕ್ಕೇ ಮಲಗುವವಳು, ಆ ಅರವತ್ತು ಕಂತುಗಳಿಗಾಗಿ ದಿನಾಲು ಹತ್ತೂವರೆಯವರೆಗೆ ಎಚ್ಚರವಿದ್ದಳು. ಕೊನೆಯ ದಿನ ಅತ್ತೆಯು ಸೊಸೆಯ ಮುಂದೆ ತಾಟನ್ನಿಟ್ಟಾಗ ಆಕೆ ಸೆರಗಿನಿಂದ ಕಣ್ಣೊರಸಿಕೊಂಡಳು. ತೆರೆಯ ಮೇಲೆ ಯಾರೂ ಅಳುತ್ತಿರಲಿಲ್ಲ. ಆಮೇಲೆ ಮೊಮ್ಮಗನಿಗೆ ಫೋನು ಹಚ್ಚಿಸಿ, "ಮುಗೀತಲ್ಲೋ ತಮ್ಮಾ. ಛಲೋ ಮುಗಸ್ದಿ. ಇನ್ನ ನಾ ಮಕ್ಕೋತೀನಿ" ಎಂದು ಹೇಳಿ, ದೀಪ ಆರಿಸಿ ಮಲಗಿದಳು.